ಶಿರಸಿ, ಕಾರವಾರದಲ್ಲೇ ಇದ್ದು ಪಿಎಚ್.ಡಿ. ಮಾಡುವವರಿಗೆ: ಅರ್ಜಿಯಿಂದ ವೈವಾವರೆಗೆ

ಎಂ.ಎ., ಎಂ.ಎಸ್ಸಿ. ಫಲಿತಾಂಶ ಬಂದ ಮರುವಾರ ಫೋನು ಶುರುವಾಗುತ್ತದೆ. ಕುಮಟೆಯಿಂದ, ಯಲ್ಲಾಪುರದಿಂದ, ಅಂಕೋಲೆಯಿಂದ. ಪ್ರಶ್ನೆ ಒಂದೇ. "ಸರ್, ಊರಲ್ಲೇ ಇದ್ಕೊಂಡು ಪಿಎಚ್.ಡಿ. ಮಾಡ್ಲಿಕ್ಕೆ ಆಗ್ತದಾ?"

ಆಗ್ತದೆ. ನಾನೂ ಶಿರಸಿಯಲ್ಲಿ ಪಾಠ ಮಾಡುತ್ತಲೇ ಪಾರ್ಟ್‌ಟೈಮ್ ಮುಗಿಸಿದವನು. ಆದರೆ ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ. ನಮ್ಮ ಕಡೆಯವರ ಪಿಎಚ್.ಡಿ. ಅರ್ಧಕ್ಕೆ ನಿಂತದ್ದು ನೋಡಿದ್ದೇನೆ. ಬುದ್ಧಿ ಸಾಲದೆ ನಿಂತದ್ದು ಕಡಿಮೆ. ತಾರೀಖು ತಪ್ಪಿ, ಕಾಗದ ಕಳೆದು, ಗೈಡ್ ಜೊತೆ ಮಾತು ನಿಂತು ಕೆಟ್ಟದ್ದೇ ಜಾಸ್ತಿ. ಕರ್ನಾಟಕ ವಿಶ್ವವಿದ್ಯಾಲಯ ಇರುವ ಧಾರವಾಡದಲ್ಲೇ ಇರುವವನು ಮಧ್ಯಾಹ್ನ ಆಫೀಸಿಗೆ ಹೋಗಿ ಸರಿಮಾಡಿಕೊಳ್ಳುವ ಸಣ್ಣ ತಪ್ಪಿಗೆ ನಾವು ಘಟ್ಟ ಹತ್ತಿ ಒಂದು ದಿನ ಕಳೆಯಬೇಕು. ಹಾಗಾಗಿ ಇಲ್ಲಿ ಜ್ಞಾನದ ಮಾತಿಗಿಂತ ತಾರೀಖು, ಕಾಗದದ ಮಾತೇ ಹೆಚ್ಚು.

ಇಲ್ಲಿ ಹೇಳುವ ನಿಯಮಗಳು ವಿಶ್ವವಿದ್ಯಾಲಯ ಅನುದಾನ ಆಯೋಗದ (ಯುಜಿಸಿ) 2022ರ ಪಿಎಚ್.ಡಿ. ನಿಯಮಾವಳಿಯವು. ಇದರ ಮೇಲೆ ಪ್ರತಿ ವಿಶ್ವವಿದ್ಯಾಲಯ ತನ್ನದೇ ನಿಯಮ ಮಾಡಿಕೊಂಡಿರುತ್ತದೆ. ನಿಮ್ಮ ವಿಶ್ವವಿದ್ಯಾಲಯದ್ದನ್ನು ಇಳಿಸಿಕೊಂಡು ಕುಳಿತು ಓದಿ. ಕೃಷಿ ವಿಶ್ವವಿದ್ಯಾಲಯದ ದಾರಿ ಬೇರೆ. ಶಿರಸಿಯ ಅರಣ್ಯ ಕಾಲೇಜು ಧಾರವಾಡದ ಕೃಷಿ ವಿಶ್ವವಿದ್ಯಾಲಯಕ್ಕೆ ಸೇರಿದ್ದು, ಅಲ್ಲಿ ಸೇರುವವರು ಅವರ ಪ್ರವೇಶ ಪ್ರಕಟಣೆಯನ್ನೇ ನೋಡಬೇಕು.

ಮೊದಲು ಕೈಯಲ್ಲಿ ಇರಬೇಕಾದದ್ದು

ಎಲ್ಲ ಅಂಕಪಟ್ಟಿ, ಪದವಿ ಪ್ರಮಾಣಪತ್ರ, ಜಾತಿ-ಆದಾಯ ಪ್ರಮಾಣಪತ್ರ, ಕೆಲಸದಲ್ಲಿದ್ದರೆ ಸಂಸ್ಥೆಯ ನಿರಾಕ್ಷೇಪಣಾ ಪತ್ರ. ಇದು ಎಲ್ಲರಿಗೂ ಗೊತ್ತು. ಗೊತ್ತಿಲ್ಲದ್ದು ಹೆಸರಿನ ತೊಂದರೆ. ಎಸ್ಸೆಸ್ಸೆಲ್ಸಿಯಲ್ಲಿ "ಗಣಪತಿ ರಾಮಚಂದ್ರ ಹೆಗಡೆ", ಪದವಿಯಲ್ಲಿ "ಜಿ. ಆರ್. ಹೆಗಡೆ", ಆಧಾರ್‌ನಲ್ಲಿ ಬರೀ "ಗಣಪತಿ ಹೆಗಡೆ". ಮೂವರೂ ಒಬ್ಬನೇ ಎಂದು ಕೌಂಟರಿನಲ್ಲಿ ಕುಳಿತವರಿಗೆ ನೀವು ಸಾಬೀತು ಮಾಡಬೇಕು. ಅರ್ಜಿ ಹಾಕುವ ಮೊದಲೇ ಇದನ್ನು ಸರಿಮಾಡಿಸಿ. ಇಲ್ಲದಿದ್ದರೆ ಇದೇ ತಕರಾರು ಐದು ವರ್ಷದ ನಂತರ ಡಿಗ್ರಿ ಸರ್ಟಿಫಿಕೇಟಿನಲ್ಲಿ ಎದ್ದು ಕೂರುತ್ತದೆ.

ಇದರ ಜೊತೆಗೆ ಒಂದು ಓರ್ಕಿಡ್ ಸಂಖ್ಯೆ ಮಾಡಿಸಿಕೊಳ್ಳಿ. ಇದು ಸಂಶೋಧಕರಿಗೆ ಪುಕ್ಕಟೆ ಸಿಗುವ 16 ಅಂಕಿಯ ಗುರುತು ಸಂಖ್ಯೆ. ಜಿ. ಹೆಗಡೆ, ಎಸ್. ನಾಯ್ಕ ಎಂಬ ಹೆಸರು ನಮ್ಮ ಜಿಲ್ಲೆಯಲ್ಲಿ ಬೀದಿಗೊಂದು. ಯಾವ ಲೇಖನ ಯಾವ ನಾಯ್ಕರದ್ದು ಎಂದು ಗೊತ್ತಾಗುವುದು ಆ ಸಂಖ್ಯೆಯಿಂದ.

1. ಕಾಲ ಮತ್ತು ದುಡ್ಡಿನ ಲೆಕ್ಕ ಹಾಕಿ

ಪಿಎಚ್.ಡಿ.ಗೆ ಕಡಿಮೆಯೆಂದರೆ 3 ವರ್ಷ, ಹೆಚ್ಚೆಂದರೆ 6 ವರ್ಷ. ಮರುನೋಂದಣಿ ಮಾಡಿಸಿದರೆ ಇನ್ನೂ 2 ವರ್ಷ ಸಿಗಬಹುದು. ಮಹಿಳೆಯರಿಗೆ ಮತ್ತು ಶೇ. 40ಕ್ಕಿಂತ ಹೆಚ್ಚು ಅಂಗವೈಕಲ್ಯ ಇರುವವರಿಗೆ ಅದರ ಮೇಲೆ ಮತ್ತೆ 2 ವರ್ಷದ ಅವಕಾಶ ಇದೆ. ಹೆರಿಗೆ, ಮಗುವಿನ ಆರೈಕೆಗೆ ಒಟ್ಟು 240 ದಿನದವರೆಗೆ ರಜೆಯೂ ಇದೆ. ಇದನ್ನು ಯಾರೂ ಕರೆದು ಹೇಳುವುದಿಲ್ಲ, ನೀವೇ ಕೇಳಿ ಪಡೆಯಬೇಕು.

6 ವರ್ಷ ಅಂದರೆ ಶಿರಸಿ ಲೆಕ್ಕದಲ್ಲಿ ಮೂರು ಮಾರಿಕಾಂಬಾ ಜಾತ್ರೆ. ಮೊದಲ ಜಾತ್ರೆಗೆ "ಎಲ್ಲಿಗೆ ಬಂತು?" ಎಂದು ಕೇಳಿದ ನೆಂಟರು ಮೂರನೆಯ ಜಾತ್ರೆಗೂ ಅದನ್ನೇ ಕೇಳುತ್ತಾರೆ. ಮನೆಯವರಿಗೆ ಈ ಲೆಕ್ಕ ಮೊದಲೇ ಹೇಳಿಡಿ.

ದುಡ್ಡಿನ ವಿಷಯ. ಜೆಆರ್‌ಎಫ್ (ನೆಟ್ ಎಂಬ ರಾಷ್ಟ್ರಮಟ್ಟದ ಅರ್ಹತಾ ಪರೀಕ್ಷೆಯಲ್ಲಿ ಮೇಲಿನ ಸಾಲಿನಲ್ಲಿ ಬಂದವರಿಗೆ ಸಿಗುವ ಸಂಶೋಧನಾ ವೇತನ) ಸಿಕ್ಕರೆ ಮೊದಲ ಎರಡು ವರ್ಷ ತಿಂಗಳಿಗೆ 37,000 ರೂಪಾಯಿ, ಆಮೇಲೆ 42,000. ಈ ದರ 2023ರ ಜನವರಿಯಿಂದ ಜಾರಿಯಲ್ಲಿದೆ. ಆದರೆ ಅದಕ್ಕೆ ಫುಲ್‌ಟೈಮ್ ಸೇರಬೇಕು. ಜೆಆರ್‌ಎಫ್ ಸಿಗದವರಿಗೆ ಪರಿಶಿಷ್ಟ ಜಾತಿ, ಪರಿಶಿಷ್ಟ ಪಂಗಡ, ಹಿಂದುಳಿದ ವರ್ಗದವರ ರಾಷ್ಟ್ರೀಯ ಫೆಲೋಶಿಪ್‌ಗಳಿವೆ. ಸಮಾಜ ವಿಜ್ಞಾನದವರಿಗೆ ಭಾರತೀಯ ಸಮಾಜ ವಿಜ್ಞಾನ ಸಂಶೋಧನಾ ಮಂಡಳಿಯಾದ ಐಸಿಎಸ್‌ಎಸ್‌ಆರ್‌ನದ್ದು ಇದೆ. ಯಾವುದೇ ಫೆಲೋಶಿಪ್ ಇರಲಿ, ತಿಂಗಳು ತಿಂಗಳು ಸಂಬಳದ ಥರ ಬರುತ್ತದೆ ಎಂದು ನಂಬಿ ಸಾಲ ಮಾಡಬೇಡಿ. ತಡವಾಗಿ ಒಟ್ಟಿಗೆ ಬರುವುದೇ ಹೆಚ್ಚು. ಆರು ತಿಂಗಳ ಖರ್ಚು ಕೈಯಲ್ಲಿಟ್ಟುಕೊಂಡು ಹೊರಡಿ.

ಕೆಲಸ ಬಿಡಲಾಗದವರಿಗೆ ಪಾರ್ಟ್‌ಟೈಮ್ ಇದೆ. ಆನ್‌ಲೈನ್, ದೂರಶಿಕ್ಷಣದ ಪಿಎಚ್.ಡಿ. ಇಲ್ಲ. "ಮನೆಯಲ್ಲೇ ಕುಳಿತು ಎರಡು ವರ್ಷದಲ್ಲಿ ಪಿಎಚ್.ಡಿ. ಮಾಡಿಸಿಕೊಡುತ್ತೇವೆ" ಎಂಬ ಮೆಸೇಜು ಬಂದರೆ ಅಳಿಸಿ. ಇದು ಸುಮ್ನೆ ಹೆದರಿಸುವ ಮಾತಲ್ಲ. ಪಿಎಚ್.ಡಿ. ಕೊಡುವಾಗ ನಿಯಮ ಪಾಲಿಸಲಿಲ್ಲವೆಂದು 2025ರ ಜನವರಿಯಲ್ಲಿ ರಾಜಸ್ಥಾನದ ಮೂರು ಖಾಸಗಿ ವಿಶ್ವವಿದ್ಯಾಲಯಗಳಿಗೆ ಯುಜಿಸಿ ಐದು ವರ್ಷ ಹೊಸಬರನ್ನು ಸೇರಿಸಿಕೊಳ್ಳದಂತೆ ತಡೆ ಹಾಕಿತು.

ಇನ್ನೊಂದು ಕೇಳಿಕೊಳ್ಳಿ: ನಿಮಗೆ ಪಿಎಚ್.ಡಿ. ಬೇಕಾಗಿದೆಯಾ, ಕೆಲಸ ಬೇಕಾಗಿದೆಯಾ? 2023ರ ಜುಲೈಯಿಂದ ಸಹಾಯಕ ಪ್ರಾಧ್ಯಾಪಕ ಹುದ್ದೆಗೆ ಕನಿಷ್ಠ ಅರ್ಹತೆ ನೆಟ್, ಇಲ್ಲವೇ ರಾಜ್ಯಮಟ್ಟದ ಸೆಟ್ ಅಥವಾ ಸ್ಲೆಟ್. ಪಿಎಚ್.ಡಿ. ಕಡ್ಡಾಯ ಅಲ್ಲ. ಬರೀ ಲೆಕ್ಚರರ್ ಆಗಬೇಕು ಎನ್ನುವವರು ಮೊದಲು ನೆಟ್ ಅಥವಾ ಕೆಸೆಟ್ (ಕರ್ನಾಟಕದ ಸೆಟ್) ಮುಗಿಸಿಕೊಳ್ಳುವುದು ಒಳ್ಳೆಯದು.

2. ಪರೀಕ್ಷೆ

ಎರಡು ವರ್ಷದ ಸ್ನಾತಕೋತ್ತರದಲ್ಲಿ ಶೇ. 55 ಇರಬೇಕು. ಮೀಸಲಾತಿಯವರಿಗೆ ಶೇ. 5ರಷ್ಟು ಸಡಿಲಿಕೆ. ನಾಲ್ಕು ವರ್ಷದ ಪದವಿಯಲ್ಲಿ ಶೇ. 75 ತೆಗೆದವರೂ ನೇರ ಅರ್ಜಿ ಹಾಕಬಹುದು.

2024ರ ಜೂನ್‌ನಿಂದ ನೆಟ್ ಫಲಿತಾಂಶ ಮೂರು ವಿಭಾಗದಲ್ಲಿ ಬರುತ್ತದೆ: ಜೆಆರ್‌ಎಫ್ ಸಹಿತ ಎಲ್ಲದಕ್ಕೂ ಅರ್ಹರು, ಸಹಾಯಕ ಪ್ರಾಧ್ಯಾಪಕ ಮತ್ತು ಪಿಎಚ್.ಡಿ.ಗೆ ಅರ್ಹರು, ಪಿಎಚ್.ಡಿ.ಗೆ ಮಾತ್ರ ಅರ್ಹರು. ಕೊನೆಯ ಎರಡರಲ್ಲಿ ಬಂದವರ ಪ್ರವೇಶಕ್ಕೆ ನೆಟ್ ಅಂಕದ್ದು ಶೇ. 70, ಸಂದರ್ಶನದ್ದು ಶೇ. 30.

ಇಲ್ಲಿ ಎಡವುವುದು ಅವಧಿಯಲ್ಲಿ. ಪಿಎಚ್.ಡಿ. ಪ್ರವೇಶಕ್ಕೆ ಈ ಅಂಕ ಒಂದೇ ವರ್ಷ ನಡೆಯುತ್ತದೆ. ಜೆಆರ್‌ಎಫ್ ಪತ್ರಕ್ಕೆ 3 ವರ್ಷ. "ಹೇಗೂ ಪಾಸಾಗಿದೆ, ಮುಂದಿನ ವರ್ಷ ನೋಡುವಾ" ಎಂದು ಕುಳಿತರೆ ಮತ್ತೆ ಪರೀಕ್ಷೆ ಬರೆಯಬೇಕು.

3. ವಿಷಯ: ಚಿಕ್ಕದು ಮಾಡಿ, ಇನ್ನೂ ಚಿಕ್ಕದು ಮಾಡಿ

ನನಗೆ ಬರುವ ಟಿಪ್ಪಣಿಗಳಲ್ಲಿ ಅರ್ಧಕ್ಕರ್ಧ "ಉತ್ತರ ಕನ್ನಡದ ಮೀನುಗಾರರು: ಒಂದು ಅಧ್ಯಯನ" ಎಂಬ ಥರದವು. ಮಾಜಾಳಿಯಿಂದ ಭಟ್ಕಳದವರೆಗೆ ಇಡೀ ಕರಾವಳಿ. ಇದು ವಿಷಯ ಅಲ್ಲ, ಭೂಪಟ.

ಹೀಗೆ ಕಿರಿದು ಮಾಡಿ ನೋಡಿ. ಇಡೀ ಕರಾವಳಿ ಬೇಡ, ಅಘನಾಶಿನಿ ಅಳಿವೆ ಸಾಕು. ಎಲ್ಲ ಮೀನುಗಾರರು ಬೇಡ, ನೀರು ಇಳಿದಾಗ ಕೆಸರಿನಲ್ಲಿ ಬಳಚು (ಚಿಪ್ಪಿನ ಮೀನು) ಹೆಕ್ಕುವವರು ಸಾಕು. ಅವರ ಬದುಕಿನ ಎಲ್ಲವೂ ಬೇಡ, ಹೆಕ್ಕಿದ್ದನ್ನು ಯಾರಿಗೆ ಮಾರುತ್ತಾರೆ, ದರ ಯಾರು ಹೇಳುತ್ತಾರೆ ಅನ್ನುವುದು ಸಾಕು. ಈಗ ಒಂದು ಪ್ರಶ್ನೆ ಸಿಕ್ಕಿತು: ಈ ವ್ಯಾಪಾರದಲ್ಲಿ ದರದ ಮೇಲೆ ಹೆಂಗಸರಿಗೆ ಎಷ್ಟು ಹಿಡಿತ ಇದೆ? 2024ರಲ್ಲಿ ಅಘನಾಶಿನಿ ಅಳಿವೆ ರಾಮ್ಸರ್ ಪಟ್ಟಿಗೆ (ಅಂತಾರಾಷ್ಟ್ರೀಯ ಮಹತ್ವದ ಜೌಗು ಪ್ರದೇಶಗಳ ಪಟ್ಟಿ) ಸೇರಿತು. ಹಾಗಾಗಿ ಹೊರಗಿನವರಿಗೂ ಈ ಜಾಗದ ಮೇಲೆ ಕುತೂಹಲ ಇದೆ. ನಿಮಗೆ ಅಲ್ಲಿಗೆ ಹೋಗಲಿಕ್ಕೆ ಕುಮಟೆಯಿಂದ ಒಂದು ಬಸ್ಸು ಸಾಕು. ಊರಲ್ಲೇ ಇರುವ ಲಾಭ ಇದು, ಬಿಡಬೇಡಿ.

ಪ್ರಶ್ನೆ ಸಿಕ್ಕ ಮೇಲೆ ಶೋಧಗಂಗಾ ನೋಡಿ. ದೇಶದ ವಿಶ್ವವಿದ್ಯಾಲಯಗಳ ಮಹಾಪ್ರಬಂಧಗಳನ್ನು ಅಲ್ಲಿ ಪುಕ್ಕಟೆ ಓದಬಹುದು. ಗಾಂಧಿನಗರದ ಇನ್‌ಫ್ಲಿಬ್‌ನೆಟ್ ಕೇಂದ್ರ ಇದನ್ನು ನಡೆಸುತ್ತದೆ. ಸಿನಾಪ್ಸಿಸ್‌ಗಳಿಗೆ (ಸಂಶೋಧನೆಯ ಪ್ರಸ್ತಾವ) ಶೋಧಗಂಗೋತ್ರಿ ಎಂಬ ಇನ್ನೊಂದು ಜಾಗ ಇದೆ. ನಿಮ್ಮ ವಿಷಯದಲ್ಲಿ ಮೂರು ಮಹಾಪ್ರಬಂಧ ಸಿಕ್ಕಿದರೆ ಬೇಜಾರು ಮಾಡಿಕೊಳ್ಳಬೇಡಿ. ಕೊನೆಯ ಅಧ್ಯಾಯದಲ್ಲಿ "ಮುಂದೆ ಆಗಬೇಕಾದ ಕೆಲಸ" ಎಂದು ಅವರೇ ಬರೆದಿರುತ್ತಾರೆ. ಅಲ್ಲಿಂದ ಶುರುಮಾಡಿ.

4. ಗೈಡ್

ಗೈಡ್ ಸಿಗುವುದಕ್ಕೂ ಒಂದು ಲೆಕ್ಕ ಇದೆ. ಪ್ರೊಫೆಸರ್ ಒಬ್ಬರು ಒಂದು ಹೊತ್ತಿಗೆ 8 ಜನರನ್ನು, ಅಸೋಸಿಯೇಟ್ ಪ್ರೊಫೆಸರ್ 6, ಅಸಿಸ್ಟೆಂಟ್ ಪ್ರೊಫೆಸರ್ 4 ಜನರನ್ನು ತೆಗೆದುಕೊಳ್ಳಬಹುದು. ನಿವೃತ್ತಿಗೆ 3 ವರ್ಷಕ್ಕಿಂತ ಕಡಿಮೆ ಉಳಿದಿದ್ದರೆ ಹೊಸಬರನ್ನು ತೆಗೆದುಕೊಳ್ಳುವಂತಿಲ್ಲ. ಆದ್ದರಿಂದ ದೊಡ್ಡ ಹೆಸರಿನ ಹಿಂದೆ ಓಡುವ ಮೊದಲು "ಸ್ಥಾನ ಖಾಲಿ ಇದೆಯೇ?" ಎಂದು ಕೇಳಿ.

ಧಾರವಾಡಕ್ಕೇ ಹೋಗಬೇಕೆಂದೂ ಇಲ್ಲ. ಕರ್ನಾಟಕ ವಿಶ್ವವಿದ್ಯಾಲಯದ ಕಡಲ ಜೀವಶಾಸ್ತ್ರ ವಿಭಾಗ ಕಾರವಾರದ ಕೋಡಿಬಾಗದಲ್ಲೇ ಇದೆ. ಮೀನಿನ ವಿಷಯಕ್ಕೆ ಕೇಂದ್ರ ಸಮುದ್ರ ಮೀನುಗಾರಿಕಾ ಸಂಶೋಧನಾ ಸಂಸ್ಥೆಯ ಕೇಂದ್ರ ಕಾರವಾರದಲ್ಲಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಪರಿಸರ ವಿಜ್ಞಾನದವರ ಕ್ಷೇತ್ರ ಕೇಂದ್ರ ಕುಮಟೆಯಲ್ಲಿದೆ. ಅಲ್ಲಿ ಗೈಡ್ ಸಿಗದಿದ್ದರೂ ಓದಿದವರ ಮಾತು ಸಿಗುತ್ತದೆ.

ಮೊದಲ ಪತ್ರ ಬರೆಯಲು ಬಹಳ ಜನ ಹೆದರುತ್ತಾರೆ. ಇಷ್ಟು ಸಾಕು:

"ಮಾನ್ಯರೇ, ನಾನು ಕುಮಟಾ ತಾಲ್ಲೂಕಿನವಳು. ಈ ವರ್ಷ ಸಮಾಜಶಾಸ್ತ್ರ ಎಂ.ಎ. ಮುಗಿಸಿದ್ದೇನೆ. ನೆಟ್‌ನಲ್ಲಿ ಪಿಎಚ್.ಡಿ. ವಿಭಾಗಕ್ಕೆ ಅರ್ಹತೆ ಸಿಕ್ಕಿದೆ. ಅಘನಾಶಿನಿಯಲ್ಲಿ ಬಳಚು ಹೆಕ್ಕುವ ಹೆಂಗಸರ ವ್ಯಾಪಾರದ ಬಗ್ಗೆ ಕೆಲಸ ಮಾಡಬೇಕೆಂದಿದ್ದೇನೆ. ಮೀನು ಮಾರುವ ಮಹಿಳೆಯರ ಬಗ್ಗೆ ನೀವು ಬರೆದ ಲೇಖನ ಓದಿದೆ. ಅದರಲ್ಲಿ ದಲ್ಲಾಳಿಗಳ ಬಗ್ಗೆ ನೀವು ಹೇಳಿದ್ದು ನಮ್ಮ ಕಡೆ ಸ್ವಲ್ಪ ಬೇರೆ ಥರ ಇದೆ ಅನ್ನಿಸಿತು. ಒಂದು ಪುಟದ ಟಿಪ್ಪಣಿ ಲಗತ್ತಿಸಿದ್ದೇನೆ. ತಮ್ಮಲ್ಲಿ ಈ ವರ್ಷ ಸ್ಥಾನ ಖಾಲಿ ಇದ್ದರೆ, ತಾವು ಹೇಳಿದ ದಿನ ಬಂದು ಕಾಣುತ್ತೇನೆ."

ಇದರಲ್ಲಿ ಕೆಲಸ ಮಾಡುವುದು "ಸ್ವಲ್ಪ ಬೇರೆ ಥರ ಇದೆ" ಎಂಬ ಸಾಲು. ಲೇಖನ ನಿಜವಾಗಿ ಓದಿದವರು ಮಾತ್ರ ಅದನ್ನು ಬರೆಯಬಲ್ಲರು. "ತಮ್ಮ ಪಾಂಡಿತ್ಯಕ್ಕೆ ಮಾರುಹೋಗಿ" ಎಂದೆಲ್ಲ ಬರೆಯಬೇಡಿ. ಒಂದೇ ಪತ್ರವನ್ನು ಹತ್ತು ಜನರಿಗೆ ಕಳಿಸಲೂಬೇಡಿ. ಎಲ್ಲರೂ ಒಂದೇ ವಿಭಾಗದಲ್ಲಿ ಚಾ ಕುಡಿಯುವವರು, ಗೊತ್ತಾಗುತ್ತದೆ.

ಒಪ್ಪಿಕೊಳ್ಳುವ ಮೊದಲು ಅವರ ಹಳೆಯ ವಿದ್ಯಾರ್ಥಿಗಳನ್ನು ಮಾತಾಡಿಸಿ. "ಹೇಗಿದ್ದಾರೆ?" ಎಂದು ಕೇಳಿದರೆ "ಒಳ್ಳೆಯವರು" ಎನ್ನುತ್ತಾರೆ, ಅದರಿಂದ ಏನೂ ತಿಳಿಯುವುದಿಲ್ಲ. ಹೀಗೆ ಕೇಳಿ: ಅಧ್ಯಾಯ ಕೊಟ್ಟರೆ ಎಷ್ಟು ದಿನಕ್ಕೆ ತಿದ್ದಿ ಕೊಡುತ್ತಾರೆ? ಅವರ ಕೈಕೆಳಗೆ ಸೇರಿದವರಲ್ಲಿ ಎಷ್ಟು ಜನ ಮುಗಿಸಿದ್ದಾರೆ? ಲೇಖನದಲ್ಲಿ ಯಾರ ಹೆಸರು ಮೊದಲು ಬರುತ್ತದೆ? ಮನೆಯ ಸಾಮಾನು ತರಿಸುತ್ತಾರಾ? ಕೊನೆಯ ಪ್ರಶ್ನೆಗೆ ಬರುವ ನಗುವಿನಲ್ಲೇ ಉತ್ತರ ಇರುತ್ತದೆ.

5. ಕೋರ್ಸ್‌ವರ್ಕ್

ಸೇರಿದ ಮೇಲೆ ಮೊದಲು ಬರುವುದು ಇದು. ಸಂಶೋಧನಾ ವಿಧಾನ, ವಿಷಯದ ಪತ್ರಿಕೆ, ಸಂಶೋಧನೆ ಮತ್ತು ಪ್ರಕಟಣೆಯ ನೀತಿ. ಒಟ್ಟು ಕಡಿಮೆಯೆಂದರೆ 12 ಕ್ರೆಡಿಟ್, ಪಾಸಾಗಲು ಶೇ. 55 ಬೇಕು. ಪಾರ್ಟ್‌ಟೈಮ್‌ನವರಿಗೂ ವಿನಾಯಿತಿ ಇಲ್ಲ.

ಇಷ್ಟು ತಿಂಗಳು ಊರಲ್ಲೇ ಇರುತ್ತೇನೆ ಎಂಬ ಹಟ ಬಿಡಿ. ಬೆಳಗಿನ ಹುಬ್ಬಳ್ಳಿ ಬಸ್ಸು ಹತ್ತಿ, ರಾತ್ರಿ ವಾಪಸು ಬಂದು, ಹಾಜರಾತಿ ತುಂಬಿಸುತ್ತೇನೆ ಎಂದವರು ಎರಡನೇ ತಿಂಗಳಿಗೆ ಸುಸ್ತಾಗುತ್ತಾರೆ. ಮಳೆಗಾಲದಲ್ಲಿ ಅರಬೈಲು ಘಟ್ಟದಲ್ಲಿ ಲಾರಿ ಅಡ್ಡ ನಿಂತರೆ ಆ ದಿನದ ಕಥೆ ಮುಗಿಯಿತು. ಧಾರವಾಡದಲ್ಲಿ ಒಂದು ರೂಮು ಹಿಡಿಯಿರಿ. ಕೆಲಸದಲ್ಲಿದ್ದರೆ ಆ ಅವಧಿಯ ರಜೆಯನ್ನು ನಿರಾಕ್ಷೇಪಣಾ ಪತ್ರದಲ್ಲೇ ಬರೆಸಿಕೊಳ್ಳಿ, ಬಾಯಿಮಾತಿನ ಒಪ್ಪಿಗೆ ಪ್ರಿನ್ಸಿಪಾಲರು ಬದಲಾದ ದಿನ ಮುಗಿಯುತ್ತದೆ.

6. ಕ್ಷೇತ್ರಕಾರ್ಯ

ನಮ್ಮ ಜಿಲ್ಲೆಯಲ್ಲಿ ಕ್ಷೇತ್ರಕಾರ್ಯದ ಕ್ಯಾಲೆಂಡರು ವಿಶ್ವವಿದ್ಯಾಲಯದ್ದಲ್ಲ, ಮಳೆಯದ್ದು. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಬಂದರಿನ ಮೇಲೆ ಕೆಲಸ ಮಾಡುವವರು ಆಗ ಹೋದರೆ ಬಲೆ ಹೊಲಿಯುವವರು ಸಿಗುತ್ತಾರೆ, ಮೀನು ಸಿಗುವುದಿಲ್ಲ. ಬಳಚು ಹೆಕ್ಕುವವರನ್ನು ನೋಡಬೇಕಾದರೆ ಪಂಚಾಂಗ ಬೇಕು. ಅಮಾವಾಸ್ಯೆ, ಹುಣ್ಣಿಮೆಯ ಹತ್ತಿರ ಇಳಿತ ಜಾಸ್ತಿ. ಘಟ್ಟದ ಮೇಲೆ ಅಡಿಕೆ ಕೊನೆಕೊಯ್ಲಿನ ಹೊತ್ತಿಗೆ ಸಂದರ್ಶನ ಕೇಳಿದರೆ ಯಾರೂ ಕೂರುವುದಿಲ್ಲ. ಸುಲಿಯಲು ಕುಳಿತರೆ ಮಾತ್ರ ಎಷ್ಟು ಬೇಕಾದರೂ ಮಾತಾಡುತ್ತಾರೆ, ನಿಮಗೂ ಒಂದು ಕತ್ತಿ ಕೊಡುತ್ತಾರೆ.

ಅನುಮತಿಯ ವಿಷಯ ಹಗುರವಾಗಿ ನೋಡಬೇಡಿ. ಕಾಳಿ ಹುಲಿ ಸಂರಕ್ಷಿತ ಪ್ರದೇಶದಂಥ ಕಾಡಿನೊಳಗೆ ಕೆಲಸ ಇದ್ದರೆ ರಾಜ್ಯದ ಮುಖ್ಯ ವನ್ಯಜೀವಿ ಪರಿಪಾಲಕರ ಅನುಮತಿ ಬೇಕು. ಸ್ಥಳೀಯ ಗಾರ್ಡ್ ಪರಿಚಯ ಇದ್ದರೆ ಸಾಲದು. ಅರ್ಜಿಯನ್ನು ಸಿನಾಪ್ಸಿಸ್ ಒಪ್ಪಿಗೆಯಾದ ವಾರವೇ ಹಾಕಿ. ಕಾರವಾರದ ನೌಕಾನೆಲೆಯ ಸುತ್ತ ಕ್ಯಾಮೆರಾ, ಡ್ರೋನ್ ತೆಗೆಯುವ ಮೊದಲು ಹತ್ತು ಸಲ ವಿಚಾರಿಸಿ. ಜನರನ್ನು ಮಾತಾಡಿಸುವ ಕೆಲಸವಾದರೆ ಸಂಸ್ಥೆಯ ನೀತಿ ಸಮಿತಿಯ ಒಪ್ಪಿಗೆ ಮತ್ತು ಮಾತಾಡಿದವರ ಒಪ್ಪಿಗೆ ಎರಡೂ ಬೇಕು. ಒಪ್ಪಿಗೆ ಪತ್ರವನ್ನು ಅವರಿಗೆ ತಿಳಿಯುವ ಭಾಷೆಯಲ್ಲಿ ಓದಿ ಹೇಳಿ. ಕೊಂಕಣಿ ಮನೆಯಲ್ಲಿ ಗ್ರಂಥಸ್ಥ ಕನ್ನಡದ ಫಾರಂ ಹಿಡಿದು ನಿಂತರೆ ಬ್ಯಾಂಕಿನವರೇನೋ ಎಂದುಕೊಳ್ಳುತ್ತಾರೆ.

ಇತಿಹಾಸದವರಿಗೆ ಒಂದು ಮಾತು. ನಮ್ಮ ಜಿಲ್ಲೆ 1862ರಲ್ಲಿ ಮದ್ರಾಸಿನಿಂದ ಮುಂಬೈ ಆಡಳಿತಕ್ಕೆ ಹೋಯಿತು, 1956ರವರೆಗೆ ಅಲ್ಲೇ ಇತ್ತು. ಹಾಗಾಗಿ ಹಳೆಯ ಕಡತ ಬೆಂಗಳೂರಿನಲ್ಲಿ ಹುಡುಕಿ ಸಿಗಲಿಲ್ಲ ಎಂದು ಕೈಚೆಲ್ಲಬೇಡಿ. 1862ಕ್ಕೂ ಹಿಂದಿನದಕ್ಕೆ ಚೆನ್ನೈ, ಆಮೇಲಿನದಕ್ಕೆ ಮುಂಬೈ, ಪೋರ್ಚುಗೀಸರ ವ್ಯವಹಾರಕ್ಕೆ ಪಣಜಿಯ ಪತ್ರಾಗಾರ. ಕಾರವಾರದವರಿಗೆ ಧಾರವಾಡಕ್ಕಿಂತ ಪಣಜಿಯೇ ಹತ್ತಿರ.

ಕೂಡಿಟ್ಟದ್ದನ್ನು ಮೂರು ಕಡೆ ಇಡಿ: ಲ್ಯಾಪ್‌ಟಾಪ್, ಹಾರ್ಡ್ ಡಿಸ್ಕ್, ಕ್ಲೌಡ್. ಡಿಸ್ಕನ್ನು ಡಬ್ಬಿಯಲ್ಲಿ ಹಾಕಿ ಬೇರೆ ಮನೆಯಲ್ಲಿಡಿ. ಮಳೆಗಾಲದ ಥಂಡಿ, ಸಿಡಿಲು, ಹೋಗಿ ಬರುವ ಕರೆಂಟು, ಇವು ನಾಲ್ಕು ವರ್ಷದ ರೆಕಾರ್ಡಿಂಗನ್ನು ಒಂದು ಸಂಜೆ ನುಂಗಬಲ್ಲವು.

7. ಆರು ತಿಂಗಳ ವರದಿ

ಪ್ರತಿ ಆರು ತಿಂಗಳಿಗೊಮ್ಮೆ ಸಂಶೋಧನಾ ಸಲಹಾ ಸಮಿತಿಯ ಮುಂದೆ ನಿಂತು ಆದ ಕೆಲಸ ಹೇಳಬೇಕು. ಪಿಎಚ್.ಡಿ. ಕೆಟ್ಟದ್ದು ಗೊತ್ತಾಗುವುದು ಇಲ್ಲಿ. ಒಂದು ವರದಿ ತಪ್ಪುತ್ತದೆ. ನಾಚಿಕೆಯಿಂದ ಗೈಡ್‌ಗೆ ಫೋನು ಮಾಡುವುದಿಲ್ಲ. ಮಾಡದ್ದರಿಂದ ಇನ್ನೊಂದು ವರದಿ ತಪ್ಪುತ್ತದೆ. ಮನೆಯಲ್ಲಿ ಕುಳಿತವರಿಗೆ ಈ ಸುಳಿ ಬೇಗ ಸುತ್ತಿಕೊಳ್ಳುತ್ತದೆ, ಕಾರಿಡಾರಿನಲ್ಲಿ ಎದುರಾಗಿ ಬೈಯುವವರು ಇಲ್ಲವಲ್ಲ.

ಉಪಾಯ ಸರಳ. ತಿಂಗಳ ಮೊದಲ ಸೋಮವಾರ ಗೈಡ್‌ಗೆ ಐದು ಸಾಲಿನ ಇಮೇಲ್ ಕಳಿಸಿ. ಏನಾಯಿತು, ಏನಾಗಲಿಲ್ಲ, ಮುಂದಿನ ತಿಂಗಳು ಏನು. ಏನೂ ಆಗದ ತಿಂಗಳು "ಈ ತಿಂಗಳು ಏನೂ ಆಗಲಿಲ್ಲ, ಮನೆಯಲ್ಲಿ ಹುಷಾರಿರಲಿಲ್ಲ" ಎಂದೇ ಬರೆಯಿರಿ. ಅವರು ಉತ್ತರ ಕೊಡದಿದ್ದರೂ ಕಳಿಸಿ. ಮುಂದೆ ತಕರಾರು ಬಂದರೆ ನಿಮ್ಮ ಕೈಯಲ್ಲಿ ದಾಖಲೆ ಇರುತ್ತದೆ.

8. ಲೇಖನ ಪ್ರಕಟಿಸುವುದು

2022ರ ನಿಯಮದಲ್ಲಿ ಮಹಾಪ್ರಬಂಧ ಸಲ್ಲಿಸುವ ಮೊದಲು ಲೇಖನ ಪ್ರಕಟವಾಗಿರಲೇಬೇಕು ಎಂಬುದು ಹೋಗಿದೆ. ಆದರೆ ನಿಮ್ಮ ವಿಶ್ವವಿದ್ಯಾಲಯ ಇಟ್ಟುಕೊಂಡಿರಬಹುದು, ನೋಡಿಕೊಳ್ಳಿ. ಕೆಲಸದ ಸಂದರ್ಶನದಲ್ಲಂತೂ ಕೇಳುತ್ತಾರೆ.

ಮೊದಲೆಲ್ಲ ಯುಜಿಸಿ ಕೇರ್ ಎಂಬ ಒಪ್ಪಿತ ಪತ್ರಿಕೆಗಳ ಪಟ್ಟಿ ಇತ್ತು. 2025ರ ಫೆಬ್ರವರಿಯಲ್ಲಿ ಅದನ್ನು ಕೈಬಿಟ್ಟ ಪ್ರಕಟಣೆ ಬಂತು. ಈಗ ಪತ್ರಿಕೆ ಹೇಗಿದೆ ಎಂದು ತೂಗಿ ನೋಡಬೇಕಾದ್ದು ನೀವು ಮತ್ತು ನಿಮ್ಮ ಸಂಸ್ಥೆ. ಇವತ್ತಿಗೂ "ಯುಜಿಸಿ ಕೇರ್ ಮಾನ್ಯತೆ" ಎಂದು ಜಾಹೀರಾತು ಹಾಕುವ ಪತ್ರಿಕೆ ಕಂಡರೆ ಅಲ್ಲೇ ಅರ್ಥ ಮಾಡಿಕೊಳ್ಳಿ.

ನಾನೂ ಒಮ್ಮೆ ಬಿದ್ದವನೇ. ಎರಡನೇ ವರ್ಷ ಒಂದು ಪತ್ರಿಕೆಗೆ ಲೇಖನ ಕಳಿಸಿದೆ. ಎರಡೇ ದಿನಕ್ಕೆ "ಸ್ವೀಕೃತವಾಗಿದೆ, 1,800 ರೂಪಾಯಿ ಕಳಿಸಿ" ಎಂದು ಬಂತು. ಖುಷಿಯಿಂದ ಕಳಿಸಿದೆ. ಗೈಡ್ ಅದರ ಹಿಂದಿನ ಸಂಚಿಕೆ ತೆರೆದು ತೋರಿಸಿದರು: ಒಂದು ಪುಟದಲ್ಲಿ ರೇಷ್ಮೆ ಹುಳದ ರೋಗ, ಮುಂದಿನದರಲ್ಲಿ ವಚನ ಸಾಹಿತ್ಯ, ಅದರ ಮುಂದೆ ಸಿಮೆಂಟು ಕಾಂಕ್ರೀಟು. ಆ ಲೇಖನವನ್ನು ನಾನು ಇವತ್ತಿಗೂ ನನ್ನ ಪಟ್ಟಿಯಲ್ಲಿ ಹಾಕುವುದಿಲ್ಲ.

ಕಳ್ಳ ಪತ್ರಿಕೆಯ ಗುರುತು ಬೇರೆ ಇನ್ನೂ ಇವೆ. ಐಎಸ್‌ಎಸ್‌ಎನ್ ಇದೆ ಎಂದು ಎದೆ ತಟ್ಟಿಕೊಳ್ಳುತ್ತವೆ. ಅದು ಬರೀ ನೋಂದಣಿ ಸಂಖ್ಯೆ, ಬೈಕಿನ ನಂಬರ್ ಪ್ಲೇಟ್ ಇದ್ದ ಹಾಗೆ. ಬೈಕು ಚೆನ್ನಾಗಿದೆ ಎಂದು ಅದರಿಂದ ಗೊತ್ತಾಗುವುದಿಲ್ಲ. ಇಂಪ್ಯಾಕ್ಟ್ ಫ್ಯಾಕ್ಟರ್ (ಪತ್ರಿಕೆಯ ಲೇಖನಗಳನ್ನು ಬೇರೆಯವರು ಸರಾಸರಿ ಎಷ್ಟು ಸಲ ಉಲ್ಲೇಖಿಸಿದರು ಎಂಬ ಲೆಕ್ಕ) ಕೊಡುವುದು ಕ್ಲಾರಿವೇಟ್ ಎಂಬ ಕಂಪನಿ. ಅದೇ ಹೆಸರಿಗೆ ಹಿಂದೆ ಮುಂದೆ ಏನೇನೋ ಸೇರಿಸಿದ ನಕಲಿ ಅಂಕಿ ಬೇಕಾದಷ್ಟಿವೆ. ಸ್ಕೋಪಸ್‌ನಲ್ಲಿ (ಸಂಶೋಧನಾ ಪತ್ರಿಕೆ, ಲೇಖನಗಳ ದೊಡ್ಡ ಸೂಚಿ) ಇದ್ದೇವೆ ಎಂದರೆ ಸ್ಕೋಪಸ್‌ನ ಪಟ್ಟಿಯಲ್ಲೇ ಹೋಗಿ ನೋಡಿ, ಪತ್ರಿಕೆಯ ಪುಟದಲ್ಲಿ ಅಂಟಿಸಿದ ಲಾಂಛನ ನಂಬಬೇಡಿ. ಒಳ್ಳೆಯ ಪತ್ರಿಕೆಯ ಹೆಸರನ್ನೇ ಕದ್ದು ತದ್ರೂಪಿ ಜಾಲತಾಣ ಮಾಡುವವರೂ ಇದ್ದಾರೆ. ಹಾಗಾಗಿ ವಿಳಾಸವನ್ನೂ ಹೋಲಿಸಿ.

ಹಣ ಕೇಳಿದರೆಂದು ಎಲ್ಲವೂ ಮೋಸ ಅಲ್ಲ. ಓದುಗರಿಗೆ ಪುಕ್ಕಟೆ ಕೊಡುವ ಕೆಲವು ಒಳ್ಳೆಯ ಪತ್ರಿಕೆಗಳು ಲೇಖಕರಿಂದ ಶುಲ್ಕ ಪಡೆಯುತ್ತವೆ, ಅದೂ ದೊಡ್ಡ ಮೊತ್ತ. ಚಂದಾದಿಂದ ನಡೆಯುವ ಪತ್ರಿಕೆಗಳು ಸಾಮಾನ್ಯವಾಗಿ ಕೇಳುವುದಿಲ್ಲ. ನಮ್ಮಂಥವರು ಮೊದಲು ಅಲ್ಲಿಗೇ ಕಳಿಸುವುದು ಜಾಣತನ.

ಒಳ್ಳೆಯ ಪತ್ರಿಕೆಯಲ್ಲಿ ಕೆಲಸ ನಡೆಯುವುದು ಹೀಗೆ. ಸಂಪಾದಕರು ನೋಡುತ್ತಾರೆ. ತಮ್ಮ ಪತ್ರಿಕೆಗೆ ಹೊಂದದಿದ್ದರೆ ಅಲ್ಲಿಂದಲೇ ವಾಪಸು. ಹೊಂದಿದರೆ ಅದೇ ವಿಷಯ ಬಲ್ಲ ಇಬ್ಬರು ಮೂವರಿಗೆ ಕಳಿಸುತ್ತಾರೆ. ಪಿಯರ್ ರಿವ್ಯೂ ಅಂದರೆ ಇದೇ. ತಿಂಗಳುಗಟ್ಟಲೆ ಕಾದ ಮೇಲೆ ತಿದ್ದುಪಡಿಯ ಪಟ್ಟಿ ಬರುತ್ತದೆ. ಮೊದಲ ಸಲ ಓದಿದಾಗ ಹೊಟ್ಟೆ ಉರಿಯುತ್ತದೆ. ಎರಡು ದಿನ ಮುಚ್ಚಿಡಿ. ಆಮೇಲೆ ಎರಡು ಅಂಕಣ ಹಾಕಿ. ಎಡಕ್ಕೆ ಅವರ ಮಾತು ಇದ್ದ ಹಾಗೆ, ಬಲಕ್ಕೆ ನೀವು ಮಾಡಿದ್ದು. "30 ಜನರ ಸಂದರ್ಶನದಿಂದ ಇಷ್ಟು ದೊಡ್ಡ ಮಾತು ಹೇಳಲಾಗದು" ಎಂದಿದ್ದರೆ, "ಸರಿ, ಈ ಮಾತು ಎರಡು ಊರಿಗೆ ಮಾತ್ರ ಅನ್ವಯ ಎಂದು 7ನೇ ಪುಟದಲ್ಲಿ ತಿದ್ದಿದ್ದೇನೆ" ಎಂದು ಬರೆಯಿರಿ. ಒಪ್ಪಲಾಗದ ಮಾತಿಗೆ ಯಾಕೆ ಒಪ್ಪಲಿಲ್ಲ ಎಂದು ಎರಡು ಸಾಲು ಬರೆಯಿರಿ. ಜಗಳ ಬೇಡ, ಮೌನವೂ ಬೇಡ.

ಒಂದೇ ಲೇಖನವನ್ನು ಒಂದೇ ಹೊತ್ತಿಗೆ ಎರಡು ಪತ್ರಿಕೆಗೆ ಕಳಿಸಬೇಡಿ. ಇದು ದೊಡ್ಡ ತಪ್ಪು.

ಓದಲಿಕ್ಕೆ ಲೇಖನ ಎಲ್ಲಿಂದ ತರುವುದು? ಒಂದು ದೇಶ ಒಂದು ಚಂದಾ ಯೋಜನೆ 2025ರ ಜನವರಿಯಿಂದ ನಡೆಯುತ್ತಿದೆ. 30 ಪ್ರಕಾಶಕರ ಸುಮಾರು 13,000 ಪತ್ರಿಕೆಗಳು ಸರ್ಕಾರಿ ಉನ್ನತ ಶಿಕ್ಷಣ ಸಂಸ್ಥೆಗಳಿಗೆ ಸಿಗುತ್ತವೆ. ನಿಮ್ಮ ಲೈಬ್ರರಿಯವರಿಂದ ಲಾಗಿನ್ ಕೇಳಿ ಪಡೆಯಿರಿ. ಸಿಗದಿದ್ದರೆ ಲೇಖಕರಿಗೇ ಇಮೇಲ್ ಹಾಕಿ. ತಮ್ಮ ಲೇಖನ ಯಾರೋ ಕೇಳಿದರು ಎಂಬ ಖುಷಿಗೆ ಬಹಳ ಜನ ಅದೇ ದಿನ ಕಳಿಸುತ್ತಾರೆ.

9. ಬರೆಯುವುದು ಮತ್ತು ಕೃತಿಚೌರ್ಯದ ತಪಾಸಣೆ

ಓದಿದ್ದರ ವಿವರವನ್ನು ಮೊದಲ ದಿನದಿಂದಲೇ ಝೊಟೆರೋ ಎಂಬ ಉಚಿತ ತಂತ್ರಾಂಶದಲ್ಲಿ ಹಾಕುತ್ತಾ ಬನ್ನಿ. ಕೊನೆಯ ತಿಂಗಳು ಗ್ರಂಥಸೂಚಿ ಮಾಡಲು ಕುಳಿತು "ಈ ಸಾಲು ಎಲ್ಲಿ ಓದಿದ್ದೆ?" ಎಂದು ತಲೆ ಕೆರೆದುಕೊಳ್ಳುವುದು ತಪ್ಪುತ್ತದೆ.

ಯುಜಿಸಿಯ 2018ರ ನಿಯಮದಂತೆ ಬೇರೆಡೆಯ ಬರಹದ ಜೊತೆ ಹೋಲಿಕೆ ಶೇ. 10ರೊಳಗೆ ಇದ್ದರೆ ದಂಡ ಇಲ್ಲ. 10ರಿಂದ 40 ಇದ್ದರೆ ಆರು ತಿಂಗಳೊಳಗೆ ತಿದ್ದಿ ಕೊಡಬೇಕು. 40ರಿಂದ 60 ಇದ್ದರೆ ಒಂದು ವರ್ಷ ಸಲ್ಲಿಸುವಂತಿಲ್ಲ. 60 ದಾಟಿದರೆ ನೋಂದಣಿಯೇ ರದ್ದು. ಇಂಗ್ಲಿಷಿನಿಂದ ಅನುವಾದ ಮಾಡಿ ತನ್ನದೆಂದು ಹಾಕಿದ್ದು ತಂತ್ರಾಂಶಕ್ಕೆ ಸಿಗಲಿಕ್ಕಿಲ್ಲ. ಪರೀಕ್ಷಕರಿಗೆ ಸಿಗುತ್ತದೆ, ಅವರೂ ಅದೇ ಪುಸ್ತಕ ಓದಿದವರು.

ಕನ್ನಡದಲ್ಲಿ ಬರೆಯುವವರು ಶುರುವಿನಿಂದಲೇ ಯೂನಿಕೋಡ್‌ನಲ್ಲಿ ಟೈಪ್ ಮಾಡಿ. ಹಳೆಯ ನುಡಿ ಫಾಂಟಿನಲ್ಲಿ ಟೈಪ್ ಮಾಡಿಸಿದ 300 ಪುಟ ತಪಾಸಣೆಯ ತಂತ್ರಾಂಶಕ್ಕೆ ಕಾಣುವುದು ಅರ್ಥವಿಲ್ಲದ ರೋಮನ್ ಅಕ್ಷರಗಳಾಗಿ. ಕೊನೆಗೆ ಪರಿವರ್ತಿಸಲು ಹೋದರೆ ಒತ್ತಕ್ಷರ, ಅರ್ಕಾವತ್ತು ಎಲ್ಲ ಚೆಲ್ಲಾಪಿಲ್ಲಿ. ಡಿ.ಟಿ.ಪಿ. ಅಂಗಡಿಗೆ ಕೊಡುವಾಗ ಇದನ್ನು ಮೊದಲೇ ಹೇಳಿ.

10. ಸಲ್ಲಿಕೆ, ವೈವಾ

ಸಲ್ಲಿಸುವ ಮೊದಲು ವಿಭಾಗದಲ್ಲಿ ಒಂದು ಮಂಡನೆ ಇರುತ್ತದೆ. ಬಂದ ಸಲಹೆಗಳನ್ನು ಬರೆದುಕೊಂಡು ತಿದ್ದಿ. ಆಮೇಲೆ ಮಹಾಪ್ರಬಂಧ ಕಡಿಮೆಯೆಂದರೆ ಇಬ್ಬರು ಹೊರಗಿನ ಪರೀಕ್ಷಕರಿಗೆ ಹೋಗುತ್ತದೆ. ಮೌಲ್ಯಮಾಪನದ ಎಲ್ಲ ಕೆಲಸ ಆರು ತಿಂಗಳಲ್ಲಿ ಮುಗಿಯಬೇಕೆಂದು ನಿಯಮ. ಮುಗಿಯದಿದ್ದರೆ ತಿಂಗಳಿಗೊಮ್ಮೆ ವಿನಯವಾಗಿ, ಬರವಣಿಗೆಯಲ್ಲೇ ವಿಚಾರಿಸಿ.

ವೈವಾ ಅಂದರೆ ನಿಮ್ಮ ಕೆಲಸವನ್ನು ಎಲ್ಲರೆದುರು ನೀವೇ ಸಮರ್ಥಿಸಿಕೊಳ್ಳುವುದು. ಪರೀಕ್ಷಕರ ವರದಿಯಲ್ಲಿ ಇದ್ದ ಪ್ರಶ್ನೆಗಳೇ ಬಹುಪಾಲು ಬರುತ್ತವೆ, ಆದ್ದರಿಂದ ವರದಿಯನ್ನು ಗಮನವಿಟ್ಟು ಓದಿ. ಉತ್ತರ ಗೊತ್ತಿಲ್ಲದಿದ್ದರೆ "ಅದನ್ನು ನಾನು ನೋಡಿಲ್ಲ" ಎನ್ನಿ. ಹಿಂದಿನ ದಿನವೇ ಧಾರವಾಡಕ್ಕೆ ಹೋಗಿ ಉಳಿದುಕೊಳ್ಳಿ. 2024ರ ಜುಲೈಯಲ್ಲಿ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯೇ ಮುಚ್ಚಿದ್ದನ್ನು ನೋಡಿದವರು ನಾವು. ಮಳೆಗಾಲದಲ್ಲಿ ಬೆಳಗಿನ ಬಸ್ಸು ನಂಬಿ ವೈವಾಕ್ಕೆ ಹೊರಡಬೇಡಿ.

ಮುಗಿದ ಮೇಲೂ ಕಾಗದ ಮುಗಿಯುವುದಿಲ್ಲ. ಮಹಾಪ್ರಬಂಧದ ಸಾಫ್ಟ್ ಕಾಪಿ ಇನ್‌ಫ್ಲಿಬ್‌ನೆಟ್‌ಗೆ ಹೋಗಬೇಕು, ಲೈಬ್ರರಿಯಿಂದ ಬಾಕಿ ಇಲ್ಲವೆಂಬ ಪತ್ರ ಬೇಕು. ತಾತ್ಕಾಲಿಕ ಪ್ರಮಾಣಪತ್ರದ ಜೊತೆ, ಯುಜಿಸಿ ನಿಯಮದಂತೆಯೇ ಪದವಿ ಕೊಡಲಾಗಿದೆ ಎಂಬ ಪತ್ರವನ್ನೂ ಕೇಳಿ ಪಡೆಯಿರಿ. ಕೆಲಸದ ಅರ್ಜಿಗೆ ಬೇಕಾಗುತ್ತದೆ, ಆಮೇಲೆ ಕೇಳಿದರೆ ಮತ್ತೆ ಎರಡು ಸಲ ಘಟ್ಟ ಹತ್ತಬೇಕು.

ಬೈಂಡ್ ಮಾಡಿಸುವಾಗ ಎರಡು ಪ್ರತಿ ಜಾಸ್ತಿ ಹಾಕಿಸಿ. ಒಂದನ್ನು ಮಾಹಿತಿ ಕೊಟ್ಟ ಊರಿನವರಿಗೆ ಕೊಡಿ. ಓದಲಾಗದವರಿಗೆ ಅವರ ಮಾತು ಬಂದ ಪುಟ ತೆಗೆದು ಓದಿ ಹೇಳಿ, ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ಇನ್ನೊಂದನ್ನು ತಾಲ್ಲೂಕಿನ ಗ್ರಂಥಾಲಯಕ್ಕೆ ಕೊಡಿ. ಕೊಟ್ಟದ್ದಕ್ಕೆ ಸೀಲು ಹಾಕಿದ ರಸೀದಿ ಇಸಿದುಕೊಳ್ಳಿ.